ಉಪ್ಪುನೀರಿನ ಬೆಳಕು

ಕೆಂಪಣ್ಣನವರು ತೋರುಬೆರಳನ್ನು ಜಾಡಿಯೊಳಗೆ ಅದ್ದಿ, ಹೊರಗೆ ತೆಗೆದು, ನೆಕ್ಕಿ ನೋಡುತ್ತಿದ್ದರು. ಸಾರಿನ ರುಚಿ ನೋಡುವ ಅಡುಗೆಯವರ ಹಾಗೆ ಕಣ್ಣು ಅರ್ಧ ಮುಚ್ಚಿ, ನಾಲಿಗೆಯನ್ನು ಅಂಗುಳಿಗೆ ಒತ್ತಿ, ಸ್ವಲ್ಪ ಹೊತ್ತು ಯೋಚಿಸುತ್ತಿದ್ದರು. 'ಇನ್ನೊಂದು ಹಿಡಿ ಬೇಕು' ಎಂದು ತಮಗೆ ತಾವೇ ಹೇಳಿಕೊಂಡು ಚೀಲದಿಂದ ಕಲ್ಲುಪ್ಪು ತೆಗೆದು ಹಾಕಿ, ಬಿದಿರುಕೋಲಿನಿಂದ ತಿರುವಿ, ಮತ್ತೆ ಅದ್ದಿ, ಮತ್ತೆ ನೆಕ್ಕಿ, ಬಾಯಲ್ಲಿದ್ದುದನ್ನು ಮೂಲೆಗೆ ಉಗಿಯುತ್ತಿದ್ದರು. ಜಾಡಿಯ ನೀರು ತಿಳಿಹಸಿರು. ಅಂಚಿನಲ್ಲಿ ಒಣಗಿದ ನೊರೆಯ ಕರೆ. ನನಗಾಗ ಹದಿಮೂರು. ನನ್ನ ಭರತನಾಟ್ಯ ರಂಗಪ್ರವೇಶದ ದಿನ, ತಲೆಯ ಮೇಲೆ ಸೂರ್ಯ ಚಂದ್ರದ ಒಡವೆ ಹೊತ್ತುಕೊಂಡು, ಮಲ್ಲೇಶ್ವರದ ಒಂದು ಸಭಾಂಗಣದ ಪಕ್ಕದ ಪರದೆಯ ಮರೆಯಲ್ಲಿ ನಿಂತು ಇದನ್ನು ನೋಡಿದೆ. ಅಮ್ಮ ನನ್ನ ಗದ್ದ ಹಿಡಿದು ಮುಖವನ್ನು ಆಚೆ ತಿರುಗಿಸಿದಳು. 'ಅತ್ಲಾಗೆ ನೋಡ್ಬೇಡ. ವಾಂತಿ ಗೀಂತಿ ಆದ್ರೆ ಮೇಕಪ್ ಹಾಳಾಗತ್ತೆ.'

ಆ ಜಾಡಿಗಳು ದೀಪದ ಹೊಳಪನ್ನು ಏರಿಸಿ ಇಳಿಸುವ ಸಾಧನಗಳು. ಉಪ್ಪಿನಕಾಯಿ ಹಾಕುವ ದೊಡ್ಡ ಪಿಂಗಾಣಿ ಜಾಡಿ, ಒಳಗೆ ಉಪ್ಪುನೀರು, ತಳದಲ್ಲೊಂದು ತಾಮ್ರದ ತಗಡು, ಮೇಲಿನಿಂದ ಹಗ್ಗ ಕಟ್ಟಿ ಇಳಿಬಿಟ್ಟ ಇನ್ನೊಂದು ತಗಡು. ವೇದಿಕೆಯ ದೀಪಕ್ಕೆ ಹೋಗುವ ಕರೆಂಟು ಈ ನೀರನ್ನು ದಾಟಿ ಹೋಗಬೇಕು. ಮೇಲಿನ ತಗಡನ್ನು ನೀರಿಗೆ ಇಳಿಸಿದಷ್ಟೂ ದೀಪ ಬೆಳಗುತ್ತದೆ, ಎತ್ತಿದಷ್ಟೂ ಮಂಕಾಗುತ್ತದೆ. ಹೀಗೆ ನಾಲ್ಕು ಜಾಡಿ, ನಾಲ್ಕು ಹಗ್ಗ. ಎರಡು ಹಗ್ಗ ಕೆಂಪಣ್ಣನವರ ಎರಡು ಕೈಯಲ್ಲಿ, ಒಂದು ಬಲಗಾಲಿನ ಹೆಬ್ಬೆರಳಿನಲ್ಲಿ, ನಾಲ್ಕನೆಯದು ಹಲ್ಲಿನ ನಡುವೆ. ಶಾಕ್ ಹೊಡೆಯುವುದಿಲ್ಲವೇ ಎಂದು ಕೇಳಿದವರಿಗೆ, ಹಗ್ಗ ಒಣಗಿದ್ದರೆ ಏನೂ ಆಗುವುದಿಲ್ಲ ಎನ್ನುತ್ತಿದ್ದರು. ಕಾರ್ಯಕ್ರಮ ಅರ್ಧ ಮುಗಿಯುವ ಹೊತ್ತಿಗೆ ನೀರು ಕಾದು, ಗುಳ್ಳೆ ಎದ್ದು, ಹಾಳಾದ ಮೊಟ್ಟೆಯೂ ಅಲ್ಲದ ಬ್ಲೀಚಿಂಗ್ ಪುಡಿಯೂ ಅಲ್ಲದ ಒಂದು ವಾಸನೆ ಬರುತ್ತಿತ್ತು. ಊರಿನ ಸಭಾಂಗಣಗಳಿಗೆಲ್ಲ ಎಲೆಕ್ಟ್ರಾನಿಕ್ ಡಬ್ಬಿಗಳು ಬಂದಮೇಲೂ ಅವರು ಜಾಡಿ ಬಿಡಲಿಲ್ಲ. ಡಬ್ಬಿಯ ಗುಂಡಿ ತಿರುಗಿಸಿದರೆ ದೀಪದ ತೂಕ ಕೈಗೆ ತಿಳಿಯುವುದಿಲ್ಲ ಎನ್ನುವುದು ಅವರ ದೂರು.

ಅವರು ತೀರಿಕೊಂಡ ಮೇಲೆ ಒಂದು ಕಲಾಸಂಘದವರು ತೆರೆಮರೆಯ ಕಲಾವಿದರ ಬಗ್ಗೆ ಸ್ಮರಣ ಸಂಚಿಕೆ ತರುತ್ತಿದ್ದೇವೆ, ಎರಡು ಪುಟ ಬರೆದುಕೊಡಿ, ಒಳ್ಳೆಯ ನೆನಪುಗಳಿರಲಿ ಎಂದರು. ಇಂಥ ಸಂಚಿಕೆಗಳನ್ನು ಓದಿದ್ದೇನೆ. ಅದರಲ್ಲಿ ಸತ್ತವರೆಲ್ಲ ಮುಗುಳ್ನಗುತ್ತಾ ಬದುಕಿರುತ್ತಾರೆ, ಬರೆಯುವವರೆಲ್ಲ ಅವರಿಗೆ ತುಂಬ ಹತ್ತಿರದವರಾಗಿರುತ್ತಾರೆ. ಓದಿ ಮುಗಿಸಿದಾಗ ಕೈ ತೊಳೆಯಬೇಕು ಅನ್ನಿಸುತ್ತದೆ. ನಾನು ಹೇಳಬೇಕಾದದ್ದು ಒಳ್ಳೆಯ ನೆನಪಲ್ಲ. ನೆನಪು ಎಂಬುದರ ಮೇಲೂ ನನಗೆ ಅಷ್ಟು ನಂಬಿಕೆಯಿಲ್ಲ. ಎಲ್ಲಿ ನನ್ನ ತಪ್ಪು ದೊಡ್ಡದಾಗುತ್ತದೋ ಅಲ್ಲಿ ಅದು ಬೇರೆ ಕಡೆ ನೋಡುತ್ತದೆ. ಆದ್ದರಿಂದ ಖಚಿತವಾಗಿ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ.

ಕೆಂಪಣ್ಣನವರು ಓಕಳಿಪುರದಲ್ಲಿ ರೈಲುಹಳಿಯ ಪಕ್ಕದ ಎರಡು ಕೋಣೆಯ ಮನೆಯಲ್ಲಿದ್ದರು. ಮಾಗಡಿ ಕಡೆಯ ಹಳ್ಳಿಯಿಂದ ಪಂಪ್‌ಸೆಟ್ ರಿಪೇರಿ ಕಲಿತು ಬಂದವರು, ಯಾವುದೋ ನಾಟಕ ಕಂಪನಿಯ ಟೆಂಟಿನಲ್ಲಿ ಫ್ಯೂಸ್ ಹಾಕಲು ಹೋಗಿ ಬೆಳಕಿಗೆ ಅಂಟಿಕೊಂಡರು. ನಮ್ಮ ಮನೆಗೆ ಬಂದಾಗ ಅವರಿಗೆ ಕಾಫಿ ಕೊಡುತ್ತಿದ್ದ ಲೋಟ ಹಿತ್ತಿಲಿನ ನಲ್ಲಿಯ ಬಳಿಯೇ ಬೋರಲು ಬಿದ್ದಿರುತ್ತಿತ್ತು. ಕಾರಣ ಆ ನೆಕ್ಕುವ ಬೆರಳು ಎಂದು ಅಮ್ಮ ಹೇಳುತ್ತಿದ್ದಳು. ಕಾರಣ ಅದೊಂದೇ ಅಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಕಾಫಿ ಕುಡಿದು ತಾವೇ ಎದ್ದುಹೋಗಿ ಲೋಟ ತೊಳೆದು ಅಲ್ಲೇ ಬೋರಲು ಹಾಕಿ ಬರುತ್ತಿದ್ದರು.

ಅವರಿಗೆ ಒಂದೇ ಒಂದು ಹಂಬಲವಿತ್ತು, ಅದು ಆಮಂತ್ರಣ ಪತ್ರಿಕೆ. ಕಾರ್ಡು ಕೈಗೆ ಬಂದ ಕೂಡಲೇ ಅವರು ಕೆಳಗಿನಿಂದ ಓದಲು ಶುರುಮಾಡುತ್ತಿದ್ದರು. ಮೊದಲು ಪ್ರೆಸ್ಸಿನ ಹೆಸರು, ಆಮೇಲೆ ಬೆಳಕು, ಪ್ರಸಾಧನ, ಮೃದಂಗ, ಕೊಳಲು, ಹೀಗೆ ಹತ್ತುತ್ತಾ ಹತ್ತುತ್ತಾ ಕೊನೆಗೆ ನರ್ತಕಿ. ಮುಖ್ಯ ಅತಿಥಿಗಳ ತನಕ ಅವರು ಹೋಗುತ್ತಲೇ ಇರಲಿಲ್ಲ. 'ಬೆಳಕು: ಓ. ಕೆಂಪಣ್ಣ' ಎಂದು ಅಚ್ಚಾದ ಪ್ರತಿಯೊಂದು ಕಾರ್ಡನ್ನೂ ಮನೆಯ ಗೋಡೆಗೆ ನೇತುಹಾಕಿದ ಕಬ್ಬಿಣದ ತಂತಿಗೆ ಚುಚ್ಚಿಡುತ್ತಿದ್ದರು. ರೇಷನ್ ಅಂಗಡಿಯವರು ಚೀಟಿ ಚುಚ್ಚುತ್ತಾರಲ್ಲ, ಹಾಗೆ. ಮೂವತ್ತು ವರ್ಷದ ಕಾರ್ಡುಗಳು. ರೈಲು ಹೋದಾಗ ಆ ಕಟ್ಟು ಗೋಡೆಯ ಮೇಲೆ ಸಣ್ಣಗೆ ಅಲ್ಲಾಡುತ್ತಿತ್ತು. ಎಷ್ಟೋ ಕಾರ್ಯಕ್ರಮಗಳನ್ನು ಅವರು ಮರೆತಿದ್ದರು, ಆದರೆ ಯಾವ ಕಾರ್ಡಿನಲ್ಲಿ ಅವರ ಹೆಸರು ಬಿಟ್ಟುಹೋಗಿತ್ತು ಎಂಬುದನ್ನು ಮರೆತಿರಲಿಲ್ಲ.

ರಂಗಪ್ರವೇಶದ ದಿನ ನಾನು ಜತಿಗೆ ಹಾರುವ ಮೊದಲೇ ಹಾರುವ ಜಾಗಕ್ಕೆ ಬೆಳಕು ಬಂದಿರುತ್ತಿತ್ತು. ಹಿಂದಿನಿಂದ ಯಾರೋ ಬಾಗಿಲು ತೆರೆದು ಹಿಡಿದಹಾಗೆ. ಮುಗಿದ ಮೇಲೆ ಅದು ಹೇಗೆ ಎಂದು ಕೇಳಿದೆ.

'ಕುಣಿದ್ಮೇಲೆ ಬೆಳಕು ಕೊಟ್ರೆ ಅದು ಟಾರ್ಚು ಕಣವ್ವ,' ಎಂದರು ಕೆಂಪಣ್ಣನವರು. 'ಮುಂಚೆ ಕೊಡ್ಬೇಕು. ನೀನು ಎಗರೋಕೆ ಮುಂಚೆ ನಿಂದು ಬಲಭುಜ ಒಸಿ ಮೇಲಕ್ಕೆ ಬತ್ತದೆ. ಅದ್ ನೋಡಿ ಹಗ್ಗ ಬಿಡ್ತೀನಿ.'

ಆ ಭುಜ ಏಳಬಾರದೆಂದು ನನ್ನ ಗುರುಗಳು ಏಳು ವರ್ಷ ತಾಳದ ತಟ್ಟುಕೋಲಿನಿಂದ ಕುಟ್ಟಿದ್ದರು.

ಇಪ್ಪತ್ತರ ಹೊತ್ತಿಗೆ ನನಗೆ ಆ ನೃತ್ಯವೆಲ್ಲ ಸಾಕಾಯಿತು. ಸೂರ್ಯ ಚಂದ್ರ ಕಳಚಿ ಪೆಟ್ಟಿಗೆಗೆ ಹಾಕಿದೆ. ಕೃಷ್ಣರಾಜ ಮಾರುಕಟ್ಟೆಯಲ್ಲಿ ಮಾರಾಟವಾಗದೆ ಉಳಿದು ಕೊಳೆತ ಹೂವನ್ನು ಆಟೋದಲ್ಲಿ ತುಂಬಿಸಿಕೊಂಡು ಬಂದು, ಒಂದು ಖಾಲಿ ಗೋದಾಮಿನಲ್ಲಿ ಅದರ ಮೇಲೆ ಮೂರು ಗಂಟೆ ಹೊರಳಾಡಿದೆ. ನೋಡಲು ಹದಿನೇಳು ಜನ ಬಂದಿದ್ದರು, ಕೆಂಪಣ್ಣನವರೂ ಬಂದಿದ್ದರು. ಹೇಗಿತ್ತು ಎಂದು ಕೇಳಿದ್ದಕ್ಕೆ ತುಂಬ ಯೋಚಿಸಿ, ವಾಸನೆ ಚೆನ್ನಾಗಿ ಬಂತು ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಆಮೇಲೆ ಬಂದದ್ದು ಕಂಪ್ಯೂಟರ್. ನನ್ನ ಕಾಲೇಜಿನ ಗೆಳೆಯ ಸತೀಶ ಪ್ರೋಗ್ರಾಮ್ ಬರೆಯುವ ಕೆಲಸದಲ್ಲಿದ್ದ. ಇಬ್ಬರೂ ಸೇರಿ ಒಂದು ಪ್ರಯೋಗ ಹೂಡಿದೆವು. ನಾನು ಕಪ್ಪು ಬಟ್ಟೆ ಹಾಕಿ, ಮಣಿಕಟ್ಟಿಗೆ ಕಾಲಿಗೆ ಹೊಳೆಯುವ ಬಿಳಿ ಚುಕ್ಕಿಗಳನ್ನು ಅಂಟಿಸಿಕೊಂಡು ಕುಣಿಯುವುದು. ಮೇಲೆ ಕಟ್ಟಿದ ಕ್ಯಾಮೆರಾ ಆ ಚುಕ್ಕಿಗಳನ್ನು ನೋಡುವುದು. ಕಂಪ್ಯೂಟರ್ ಅದನ್ನು ಲೆಕ್ಕಹಾಕಿ, ನನ್ನ ಮೈ ಎಲ್ಲಿದೆಯೋ ಅಲ್ಲಿಯ ದೀಪವನ್ನು ತಾನೇ ಬೆಳಗಿಸುವುದು. ಮನುಷ್ಯನ ಕೈ ಸೋಕದ ಬೆಳಕು, ನರ್ತಕಿಯ ದೇಹವೇ ಬರೆಯುವ ಬೆಳಕು ಎಂದು ಕರಪತ್ರದಲ್ಲಿ ಬರೆದೆ. ಈಗ ಆ ವಾಕ್ಯ ಓದಿದರೆ ಜಾಡಿಯ ವಾಸನೆ ನೆನಪಾಗುತ್ತದೆ. ಎಂಟು ತಿಂಗಳು ಕೆಲಸ ಮಾಡಿದೆವು.

ಬಸವನಗುಡಿಯ ಒಂದು ಹಳೆಯ ಸಭಾಂಗಣದಲ್ಲಿ ಮೊದಲ ಪ್ರದರ್ಶನ. ಸತೀಶನ ದೀಪಗಳು ಕಂಪ್ಯೂಟರಿನ ಮಾತನ್ನು ಮಾತ್ರ ಕೇಳುತ್ತಿದ್ದವು. ಪ್ರಾರ್ಥನೆ, ಭಾಷಣ, ಹಾರ ತುರಾಯಿಗಳಿಗೆ ಬೇರೆ ಬೆಳಕು ಬೇಕಿತ್ತು. ಅಷ್ಟಕ್ಕೆಂದು ಕೆಂಪಣ್ಣನವರನ್ನು ಕರೆದೆ. ಅವರು ನಾಲ್ಕು ಜಾಡಿ ತಂದು ಪಕ್ಕದ ಪರದೆಯ ಹಿಂದೆ ಇಟ್ಟುಕೊಂಡರು. ಸತೀಶನ ಯಂತ್ರವನ್ನು ಸುತ್ತು ಬಂದು ನೋಡಿ, 'ಇದಕ್ಕೆ ಭುಜ ಕಾಣ್ತದಾ?' ಎಂದು ಕೇಳಿದರು.

'ಭುಜ ಬೇಡ ಅಂಕಲ್, ಚುಕ್ಕಿ ಕಂಡ್ರೆ ಸಾಕು,' ಎಂದ ಸತೀಶ.

ನಾವು ಎಲ್ಲವನ್ನೂ ಹತ್ತಾರು ಸಲ ಪರೀಕ್ಷೆ ಮಾಡಿದ್ದೆವು, ಒಂದನ್ನು ಬಿಟ್ಟು. ನಮ್ಮಲ್ಲಿ ಯಾವ ಕಾರ್ಯಕ್ರಮವೂ ದೀಪ ಬೆಳಗಿಸದೆ ಶುರುವಾಗುವುದಿಲ್ಲ. ಮುಖ್ಯ ಅತಿಥಿಗಳು ವೇದಿಕೆಯ ಬಲಮೂಲೆಯಲ್ಲಿದ್ದ ಆಳೆತ್ತರದ ಹಿತ್ತಾಳೆ ದೀಪದ ಐದು ಬತ್ತಿಗಳನ್ನು ಹೊತ್ತಿಸಿ, ಕಲೆ ಮತ್ತು ವಿಜ್ಞಾನದ ಸಂಗಮದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ ಇಳಿದರು. ಕತ್ತಲಾಯಿತು. ನಾನು ಕುಣಿಯಲು ಶುರುಮಾಡಿದೆ. ಕ್ಯಾಮೆರಾಗೆ ವೇದಿಕೆಯ ಮೇಲೆ ಎಲ್ಲಕ್ಕಿಂತ ಹೊಳೆಯುವ ಐದು ಚುಕ್ಕಿಗಳು ಕಂಡವು, ಅವು ಆ ಬತ್ತಿಗಳು. ಸತೀಶನ ಆರು ದೀಪಗಳಲ್ಲಿ ಆ ಮೂಲೆಯದೊಂದೇ ಹೊತ್ತಿ ಹಿತ್ತಾಳೆ ಕಂಬದ ಮೇಲೆ ಬೆಳಕು ಚೆಲ್ಲಿತು. ಫ್ಯಾನಿನ ಗಾಳಿಗೆ ಬತ್ತಿ ಅಲ್ಲಾಡಿದಾಗಲೆಲ್ಲ ಬೆಳಕು ಭಕ್ತಿಯಿಂದ ಏರಿಳಿಯಿತು. ನಾನು ಕತ್ತಲಲ್ಲಿ ಕುಣಿಯುತ್ತಿದ್ದೆ. ಆ ದೀಪವನ್ನು ಆರಿಸುವವರು ಯಾರು? ಹೊತ್ತಿಸಿದ ದೀಪವನ್ನು ವೇದಿಕೆಯ ಮೇಲೆಯೇ ಊದಿ ಆರಿಸಿದ್ದರೆ ಸಭೆಯಲ್ಲಿದ್ದ ನನ್ನ ಅಮ್ಮನೇ ಎದ್ದು ಹೊರಟುಬಿಡುತ್ತಿದ್ದಳು. ಕಂಪ್ಯೂಟರಿನ ಬೆಳಕಿನಲ್ಲಿ, ಆರಿಸಿ ಎನ್ನಲು ಸತೀಶನ ಕೈ ಎದ್ದದ್ದು ಕಂಡಿತು, ಹಾಗೆಯೇ ಇಳಿದದ್ದೂ ಕಂಡಿತು.

ಆಗ ನಾನು ಹಾರಬೇಕಿದ್ದ ಜಾಗಕ್ಕೆ ಬೆಳಕು ಬಂತು. ನಾನು ಹಾರುವ ಮೊದಲೇ.

ನನಗೆ ಆ ಕ್ಷಣವೇ ತಿಳಿಯಿತು. ಇದರಲ್ಲಿ ನೆನಪಿನ ಮೋಸವಿಲ್ಲ, ಏಕೆಂದರೆ ಇದು ಬೆನ್ನಿಗೆ ತಿಳಿದದ್ದು. ಸತೀಶ ತನ್ನ ದೀಪಗಳನ್ನು ಆರಿಸಿಬಿಟ್ಟ. ಮುಂದಿನ ನಲವತ್ತು ನಿಮಿಷ ನಾಲ್ಕು ಜಾಡಿ, ಎರಡು ಕೈ, ಒಂದು ಹೆಬ್ಬೆರಳು, ಒಂದು ಬಾಯಿ ಹಲ್ಲು. ಮೊದಲ ಪ್ರದರ್ಶನದಲ್ಲಿ ಪ್ರೋಗ್ರಾಮ್ ಅರ್ಧವಾದರೂ ಕೆಲಸ ಮಾಡಿತ್ತು ಎಂದು ಸತೀಶ ಇಂದಿಗೂ ಹೇಳುತ್ತಾನೆ. ಮಾಡಿರಲಿಲ್ಲ.

ಮುಗಿದ ಮೇಲೆ ದೆಹಲಿಯಿಂದ ಬಂದಿದ್ದ ಉತ್ಸವದ ಆಯೋಜಕರೊಬ್ಬರು ನನ್ನ ಎರಡೂ ಕೈ ಹಿಡಿದುಕೊಂಡರು. ಯಂತ್ರವೊಂದು ಮನುಷ್ಯರ ಉಸಿರನ್ನು ಮೊದಲೇ ಊಹಿಸುವುದನ್ನು ತಾವು ಎಲ್ಲೂ ಕಂಡಿಲ್ಲ, ಇದನ್ನು ಹೇಗೆ ಮಾಡಿದಿರಿ ಎಂದರು. ಅವರ ಹಿಂದೆ ಹತ್ತು ಅಡಿ ದೂರದಲ್ಲಿ ಕೆಂಪಣ್ಣನವರು ಜಾಡಿಯ ಬಿಸಿನೀರನ್ನು ಬಕೆಟಿಗೆ ಬಗ್ಗಿಸುತ್ತಿದ್ದರು. ಕೈ ತೋರಿಸಿದ್ದರೆ ಸಾಕಿತ್ತು. ಪ್ರೋಗ್ರಾಮ್ ಬರೆಯಲು ಎಂಟು ತಿಂಗಳು ಹಿಡಿಯಿತು ಎಂದೆ. ಅದು ಸುಳ್ಳಲ್ಲ. ಅದಕ್ಕಿಂತ ಕೊಳಕಾದ ನಿಜವನ್ನು ನಾನು ಮತ್ತೆ ಹೇಳಿಲ್ಲ.

ಮಾರನೆಯ ವಾರ ಎಣ್ಣೆದೀಪವಿಲ್ಲದೆ ಪ್ರೋಗ್ರಾಮನ್ನು ಪರೀಕ್ಷಿಸಿದೆವು. ಕೆಲಸ ಮಾಡಿತು. ನಾನು ಹೋದ ಕಡೆಗೆಲ್ಲ ಬೆಳಕು ಬಂತು, ನಾನು ಹೋದ ಮೇಲೆ. ಅರ್ಧ ಉಸಿರು ತಡ. ನಾನು ಬಿಟ್ಟುಬಂದ ಜಾಗವನ್ನು ಅದು ಬೆಳಗುತ್ತಿತ್ತು. ಸತೀಶ ಎಷ್ಟು ತಿದ್ದಿದರೂ ಆ ಅರ್ಧ ಉಸಿರು ಹೋಗಲಿಲ್ಲ. ಅಷ್ಟರಲ್ಲಿ ಇನ್ನೆರಡು ಕಡೆಯಿಂದ ಕರೆ ಬಂದಿತ್ತು. ನಾನು ಓಕಳಿಪುರಕ್ಕೆ ಹೋದೆ.

ಕೆಂಪಣ್ಣನವರ ಹೆಂಡತಿ ತಾಯಮ್ಮ ಟೀ ಕೊಟ್ಟರು. ನಾನು ವಿಷಯ ಹೇಳಿದೆ. ಅವರು ಕಪ್ಪು ಬಟ್ಟೆಯ ಹಿಂದೆ ಕೂರಬೇಕು, ಯಾರಿಗೂ ಕಾಣಬಾರದು, ಸತೀಶ ಕಂಪ್ಯೂಟರಿನ ಮುಂದೆ ಕೂತಿರುತ್ತಾನೆ. ಕಾಣದೆ ಇರುವುದು ಈ ಕಲೆಯ ತತ್ವ ಎಂದೆ. ತತ್ವ ಎಂಬ ಪದವನ್ನೇ ಬಳಸಿದೆ.

'ಜನಕ್ಕೆ ನಾನ್ಯಾವತ್ತು ಕಂಡಿವ್ನಿ ಬಿಡು,' ಎಂದರು. ಗೋಡೆಯ ತಂತಿಯ ಕಡೆ ನೋಡಿ, 'ಕಾರ್ಡಲ್ಲಿ ಹೆಸರು ಹಾಕ್ಸ್ತೀಯ ತಾನೆ?' ಎಂದು ಕೇಳಿದರು.

ಹಾಕಿಸುತ್ತೇನೆ ಎಂದೆ. ನಡುವಿನ ಎರಡು ಪ್ರದರ್ಶನಗಳಿಗೆ ಕಾರ್ಡೇ ಇರಲಿಲ್ಲ, ಫೋನಿನಲ್ಲೇ ಕರೆದಿದ್ದೆವು. ಆಮೇಲೆ ಬಂತು ದೊಡ್ಡದು. ದೆಹಲಿಯವರು ಹೊರದೇಶದ ಅತಿಥಿಗಳನ್ನು ಕರೆತರುವವರಿದ್ದರು, ಸಾವಿರ ಕಾರ್ಡು ಬೇಕಿತ್ತು. ಸುಲ್ತಾನ್‌ಪೇಟೆಗೆ ಕಾರ್ಡು ಅಚ್ಚು ಹಾಕಿಸಲು ಹೊರಟಾಗ ಕೆಂಪಣ್ಣನವರೂ ಜೊತೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಮದುವೆ ಕಾರ್ಡುಗಳ ರಾಶಿಯ ನಡುವೆ ಕೂತು, ಕಾಗದವನ್ನು ಬೆರಳಿನಿಂದ ಉಜ್ಜಿ ನೋಡಿ, ಇದು ತಂತಿಗೆ ಚುಚ್ಚಿದರೆ ಹರಿಯುವುದಿಲ್ಲ ಎಂದು ದಪ್ಪನೆಯದನ್ನು ಆರಿಸಿದರು. ಪ್ರೂಫ್ ಬಂದಾಗ ಕೆಳಗಿನಿಂದ ಓದಿದರು. ಎರಡನೇ ಸಾಲಿನಲ್ಲೇ ನಿಂತರು. 'ಬೆಳಕು: ಓ. ಕೆಂಪಣ್ಣ.' ಅಂಗಡಿಯವನಿಗೆ ಸರಿ ಎಂದು ತಲೆಯಾಡಿಸಿದರು.

ಮಾರನೆಯ ದಿನ ನಾನೊಬ್ಬಳೇ ಹೋದೆ. ಹೊರದೇಶದವರ ಕೈಗೆ ಆ ಕಾರ್ಡು ಹೋದರೆ ಯಾರೀ ಕೆಂಪಣ್ಣ ಎಂದು ಕೇಳುತ್ತಾರೆ, ಕೇಳಿದರೆ ಎಲ್ಲ ಮುಗಿಯಿತು. ಆ ಸಾಲನ್ನು ತೆಗೆದು 'ಬೆಳಕು: ಕಂಪ್ಯೂಟರ್' ಎಂದು ಹಾಕಿ ಎಂದೆ. ಅಷ್ಟಕ್ಕೇ ನಿಂತಿದ್ದರೆ ಅದೊಂದು ಸಾಧಾರಣ ಮೋಸವಾಗುತ್ತಿತ್ತು. ನಾನು ಅಷ್ಟಕ್ಕೆ ನಿಲ್ಲಲಿಲ್ಲ. ಹಳೆಯ ಸಾಲು ಇರುವ ಕಾರ್ಡು ಒಂದೇ ಒಂದು ಬೇಕು ಎಂದೆ.

'ಒಂದಾ?' ಎಂದ ಅಂಗಡಿಯವನು. 'ಒಂದು ಕಾರ್ಡ್ ಯಾರಿಗ್ ಕೊಡ್ತೀರಾ ಮೇಡಂ?'

ಮನೆಯಲ್ಲಿ ದೇವರ ಮುಂದೆ ಇಡಲು ಎಂದೆ. ಅವನು ದೇವರ ಮುಂದೆ ಇಡುವ ಮೊದಲ ಕಾರ್ಡಿಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕೊಟ್ಟ. ಆ ಅರಿಶಿನದ ಕಾರ್ಡನ್ನೇ ಕೆಂಪಣ್ಣನವರಿಗೆ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅರಿಶಿನ ಹಚ್ಚಿಸಿದ್ದಕ್ಕೆ ಖುಷಿಪಟ್ಟರು.

ಪ್ರದರ್ಶನದ ಸಂಜೆ ಸಂಘಟಕರು ಪ್ರತಿ ಕುರ್ಚಿಯ ಮೇಲೂ ಒಂದೊಂದು ಕಾರ್ಡು ಇಟ್ಟಿದ್ದರು. ಅದು ನನಗೆ ಗೊತ್ತಿರಲಿಲ್ಲ. ಕೆಂಪಣ್ಣನವರು ಒಂದು ಬಲ್ಬು ಸರಿಮಾಡಲು ಸಭಾಂಗಣಕ್ಕೆ ಇಳಿದು ಹೋದರು. ವಾಪಸು ಬಂದಾಗ ಅವರ ಅಂಗಿಯ ಜೇಬಿನಲ್ಲಿ ದಪ್ಪ ಕಾಗದದ ಅಂಚು ಕಾಣುತ್ತಿತ್ತು. ಅವರು ನನ್ನನ್ನು ನೋಡಲಿಲ್ಲ. ಜಾಡಿಯಲ್ಲಿ ಬೆರಳು ಅದ್ದಿ ನೆಕ್ಕಿದರು. ಉಪ್ಪು ಹಾಕಲಿಲ್ಲ. 'ಶುರು ಮಾಡಾನ?' ಎಂದರು.

ಆ ಸಂಜೆ ಅವರು ನನ್ನನ್ನು ಕತ್ತಲಲ್ಲಿ ಬಿಡಲಿಲ್ಲ. ಬಿಟ್ಟಿದ್ದರೆ ಒಳ್ಳೆಯದಿತ್ತು. ನಾನು ಹೋದ ಕಡೆಗೆಲ್ಲ ಬೆಳಕು ಕಳಿಸಿದರು, ನಾನು ಹೋದ ಮೇಲೆ. ಅರ್ಧ ಉಸಿರು ತಡ, ಮೊದಲಿನಿಂದ ಕೊನೆಯವರೆಗೆ, ಒಮ್ಮೆಯೂ ತಪ್ಪದೆ. ಹಾರಿದಾಗ ಕತ್ತಲಿಗೆ ಹಾರಿದೆ, ಇಳಿದ ಮೇಲೆ ಬೆಳಕು ಬಂತು. ಬಲಭುಜ ಎತ್ತಿ ಎತ್ತಿ ತೋರಿಸಿದೆ, ನಾಚಿಕೆಯಿಲ್ಲದೆ, ಬೇಡುವವಳ ಹಾಗೆ. ಹಗ್ಗ ಅಲುಗಲಿಲ್ಲ. ನಲವತ್ತು ನಿಮಿಷ ನಾನು ನನ್ನದೇ ಹಳೆಯ ಜಾಗಗಳು ಬೆಳಗುವುದನ್ನು ನೋಡುತ್ತಾ ಕುಣಿದೆ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬರಿಗೂ ವ್ಯತ್ಯಾಸ ತಿಳಿಯಲಿಲ್ಲ. ದೆಹಲಿಯವರು, ಕಳೆದ ಸಲಕ್ಕಿಂತ ಯಂತ್ರ ಇನ್ನೂ ಕರಾರುವಾಕ್ಕಾಗಿದೆ ಎಂದರು. ಪರದೆಯ ಹಿಂದೆ ಹೋದೆ. ಕೆಂಪಣ್ಣನವರು ಹಗ್ಗ ಸುತ್ತುತ್ತಿದ್ದರು. ಹಗ್ಗ ಕಚ್ಚಿ ಕಚ್ಚಿ ತುಟಿಯಂಚು ಕೆಂಪಾಗಿತ್ತು.

'ಕಾರ್ಡಲ್ಲಿದ್ದಂಗೆ ಕೊಟ್ಟಿವ್ನಿ ಕಣವ್ವ,' ಎಂದರು.

ಆ ಪ್ರಯೋಗವನ್ನು ಮತ್ತೆ ಮಾಡಲಿಲ್ಲ. ಮಾಡಲಿಲ್ಲ ಎನ್ನುವುದನ್ನು ಪಶ್ಚಾತ್ತಾಪವೆಂದು ಓದಬೇಡಿ. ಬೆಳಕು ಕೊಡುವವರು ಇರಲಿಲ್ಲ, ಅಷ್ಟೆ. ನೃತ್ಯ ಮತ್ತು ತಂತ್ರಜ್ಞಾನದ ಬಗ್ಗೆ ಮಾತಾಡಲು ನನ್ನನ್ನು ಕರೆಯುತ್ತಲೇ ಇದ್ದರು, ನಾನು ಹೋಗುತ್ತಲೇ ಇದ್ದೆ.

ಕಳೆದ ತಿಂಗಳು ಸಂಚಿಕೆಯವರು ಮತ್ತೆ ಫೋನ್ ಮಾಡಿದರು. ತಾಯಮ್ಮನವರು ತಂತಿಯ ಕಾರ್ಡುಗಳನ್ನೆಲ್ಲ ಕೊಟ್ಟಿದ್ದಾರೆ, ಅದರಲ್ಲಿ ನಿಮ್ಮದೂ ಇದೆ, ಅದನ್ನೇ ಮುಖಪುಟಕ್ಕೆ ಹಾಕುತ್ತೇವೆ ಎಂದರು. ಅರಿಶಿನ ಹಚ್ಚಿದ್ದು. 'ಅಷ್ಟ್ ದೊಡ್ಡ ಪ್ರೋಗ್ರಾಮಲ್ಲಿ ಲೈಟ್‌ನವರ ಹೆಸರು ಹಾಕ್ಸಿದೀರಲ್ಲ ಮೇಡಂ, ನಿಮ್ದು ದೊಡ್ಡ ಮನಸ್ಸು.' ಅದರ ಮೇಲೆಯೇ ಅಂಥದೇ ಇನ್ನೊಂದು ಕಾರ್ಡು ಚುಚ್ಚಿಟ್ಟಿತ್ತಂತೆ. ಅದರಲ್ಲಿ ಹೆಸರಿರಲಿಲ್ಲವಂತೆ, ಪ್ರೆಸ್ಸಿನವರ ತಪ್ಪಿರಬೇಕು ಎಂದು ಅದನ್ನು ಬಿಟ್ಟರಂತೆ. ತಮ್ಮ ಹೆಸರಿಲ್ಲದ ಕಾರ್ಡನ್ನು ಕೆಂಪಣ್ಣನವರು ಆ ತಂತಿಗೆ ಚುಚ್ಚಿದ್ದು ಅದೊಂದೇ. ಹೆಸರಿಲ್ಲದ್ದೇ ನಿಜವಾದದ್ದು, ಹೆಸರಿರುವುದು ನಾನು ಮಾಡಿಸಿದ ಸುಳ್ಳು, ಹಾಕುವುದಾದರೆ ಎರಡನ್ನೂ ಹಾಕಿ ಎಂದು ಹೇಳಿದ್ದೇನೆ. ಹಾಕುತ್ತಾರೋ ಇಲ್ಲವೋ. ಅದಕ್ಕೇ ಇಷ್ಟನ್ನು ಬರೆದೆ.

ಅವರನ್ನು ಕೊನೆಯ ಸಲ ನೋಡಿದ್ದು ಆ ಪ್ರದರ್ಶನವಾಗಿ ಎರಡು ವರ್ಷದ ನಂತರ, ಓಕಳಿಪುರದಲ್ಲಿ. ಕ್ಷಮೆ ಕೇಳಬೇಕೆಂದು ಹೋಗಿದ್ದೆ. ಯಾವಾಗಲೂ ಮಂಚದ ಕೆಳಗಿರುತ್ತಿದ್ದ ಜಾಡಿಗಳು ಈಗ ಅಡುಗೆಮನೆಯಲ್ಲಿದ್ದವು. 'ಸೀಗೆಪುಡಿ ಹಾಕಿ ನಾಲ್ಕು ದಿನ ತಿಕ್ಕಿದೆ, ಇನ್ನೇನ್ ಮಾಡ್ಲಿ' ಎಂದು ತಾಯಮ್ಮ ನಕ್ಕರು. ಒಂದರಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಹಾಕಿದ್ದರು. ಮೊಸರನ್ನದ ತಟ್ಟೆಯ ಅಂಚಿಗೆ ಅದನ್ನು ಬಡಿಸಿದರು. ಹದಿಮೂರರಲ್ಲಿ ಕಂಡ ತಿಳಿಹಸಿರು ನೀರು ಕಣ್ಣ ಮುಂದೆ ಬಂತು. ತಿಂದೆ. ಗೋಡೆಯ ಮೇಲೆ ನನ್ನ ತಲೆಯ ಹಿಂದೆಯೇ ಆ ತಂತಿ ತೂಗುತ್ತಿತ್ತು, ನಾನು ತಿರುಗಿ ನೋಡಲಿಲ್ಲ.

'ಉಪ್ಪು ಸರಿಯಾಗೈತಾ?' ಎಂದು ಕೇಳಿದರು ಕೆಂಪಣ್ಣನವರು.

ಸರಿಯಾಗಿದೆ ಎಂದೆ. ಕ್ಷಮೆಯ ಮಾತು ನಾಲಿಗೆಯ ತುದಿಯಲ್ಲಿತ್ತು ಎಂದು ಬರೆಯಬಹುದು, ಆದರೆ ಇದ್ದುದು ನಿಂಬೆಕಾಯಿಯ ಹೋಳು. ಹೊರಗೆ ಸಂಜೆಯಾಗುತ್ತಿತ್ತು. ಒಂದು ರೈಲು ಹೋಯಿತು, ಬೆನ್ನ ಹಿಂದೆ ಕಾರ್ಡುಗಳು ಅಲ್ಲಾಡಿದವು. ಏನೂ ಹೇಳದೆಯೇ ಹೊರಡಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಕೂತಲ್ಲೇ ಕೂತಿದ್ದೆ, ಕೈಯಲ್ಲಿ ಇನ್ನೂ ತಟ್ಟೆಯಿತ್ತು.

ಕೆಂಪಣ್ಣನವರು ನನ್ನ ಮುಖ ನೋಡುತ್ತಿರಲಿಲ್ಲ, ಭುಜ ನೋಡುತ್ತಿದ್ದರು. ಎದ್ದುಹೋಗಿ, ಬಾಗಿಲ ಹೊರಗಿನ ಬಲ್ಬು ಹಾಕಿದರು.